ಈ ಸಲ ಎಲ್ಲಿ ನಿಂತದ್ದು?

ಬೆಂಗಳೂರಿನಿಂದ ಪುತ್ತೂರಿಗೆ ಸುಮಾರು 300 ಕಿಲೋಮೀಟರ್. ಮೊಬೈಲಿನ ಮ್ಯಾಪ್ ಆರೂವರೆ ಗಂಟೆ ಅನ್ನುತ್ತದೆ. ಮ್ಯಾಪಿಗೆ ನಮ್ಮ ಕಾರಿನ ಪರಿಚಯ ಇಲ್ಲ, ಹಾಗಾಗಿ ನಾವು ಒಂಬತ್ತು ಗಂಟೆ ಇಟ್ಟುಕೊಂಡೇ ಹೊರಡುವುದು. ಮನೆಯ ಅಂಗಳದಲ್ಲಿ ಇಳಿದ ಕೂಡಲೇ ಅಪ್ಪ ಕೇಳುವ ಮೊದಲ ಪ್ರಶ್ನೆ, "ಈ ಸಲ ಎಲ್ಲಿ ನಿಂತದ್ದು ಮಾರಾಯ?"

ನಮ್ಮದು 2011ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಸೆಕೆಂಡ್ ಹ್ಯಾಂಡ್. ಕಂಪನಿ ಹೆಸರು ಬೇಡ ಬಿಡಿ. ಅದೇ ಮಾಡೆಲ್ ಇಟ್ಟುಕೊಂಡು ಒಂದು ದಿನವೂ ತೊಂದರೆ ಪಡದವರು ನನ್ನ ಟೀಮಿನಲ್ಲೇ ಇದ್ದಾರೆ.

ಮತ್ತೆ ಯಾಕೆ ಇಟ್ಟುಕೊಂಡಿದ್ದೀಯ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಬೀದಿಯಲ್ಲಿ ಎರಡು ಬೈಕುಗಳ ನಡುವೆ ಸಿಗುವ ಜಾಗದಲ್ಲಿ ಅದು ನಿಲ್ಲುತ್ತದೆ. ಹಿಂದಿನ ಸೀಟು ಮಡಚಿದರೆ ಕುಚ್ಚಲಕ್ಕಿ ಮೂಟೆ, ತೆಂಗಿನಕಾಯಿ ಗೋಣಿ, ಎರಡು ಹಲಸಿನಹಣ್ಣು, ಮಿಡಿ ಉಪ್ಪಿನಕಾಯಿಯ ಭರಣಿ ಎಲ್ಲಾ ಹಿಡಿಯುತ್ತವೆ. ಮುಖ್ಯ ವಿಷಯ ಅಮ್ಮನ ಮಂಡಿ. ಆಪರೇಷನ್ ಆದ ಮೇಲೆ ಅವಳಿಗೆ ಬಸ್ಸಿನ ಮೆಟ್ಟಿಲು ಕಷ್ಟ, ರಾತ್ರಿಯಿಡೀ ಕಾಲು ಮಡಚಿ ಕೂರುವುದು ಇನ್ನೂ ಕಷ್ಟ. ಈ ಕಾರಿನ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಯುತ್ತದೆ. ಸೀಟಿನ ಎತ್ತರವೂ ಅವಳಿಗೆ ಸರಿಯಾಗಿದೆ, ಬಗ್ಗಬೇಕಿಲ್ಲ, ಹತ್ತಬೇಕಿಲ್ಲ. ಶೋರೂಮಿನಲ್ಲಿ ಕೂರಿಸಿ ನೋಡಿದ ನಾಲ್ಕು ಹೊಸ ಕಾರುಗಳಲ್ಲಿ ಮೂರರಿಂದ ಅವಳು ನನ್ನ ಕೈ ಹಿಡಿದೇ ಇಳಿದದ್ದು.

ಕಾರಿನ ರೋಗ ಒಂದೇ, ಬಿಸಿಯಾಗುವುದು. ಅದೂ ಯಾವಾಗಲೂ ಅಲ್ಲ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನದವರೆಗೆ ಟೆಂಪರೇಚರ್ ಸೂಜಿ ಅಲ್ಲಾಡುವುದೇ ಇಲ್ಲ. ಹೈವೇಯಲ್ಲಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಊರಿನಿಂದ ವಾಪಸ್ ಬರುವಾಗಲೇ ಕಥೆ ಶುರು. ಗುಂಡ್ಯ ದಾಟಿದ ಮೇಲೆ ರಸ್ತೆ ಕೆಂಪುಹೊಳೆಯ ಪಕ್ಕದಲ್ಲೇ ಏರುತ್ತಾ 900 ಮೀಟರಿಗೂ ಎತ್ತರದ ಸಕಲೇಶಪುರಕ್ಕೆ ಹೋಗುತ್ತದೆ. ಮುಂದೆ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಎರಡನೇ ಗೇರು, ಇಪ್ಪತ್ತರ ಸ್ಪೀಡು. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಇಲ್ಲ. ಆಗ ಎಲ್ಲವೂ ರೇಡಿಯೇಟರ್ ಫ್ಯಾನಿನ ಮೇಲೆ ನಿಂತಿರುತ್ತದೆ. ನಮ್ಮ ಫ್ಯಾನಿಗೆ ಅದೇ ಹೊತ್ತಿಗೆ ನಿದ್ದೆ.

ಗ್ಯಾರೇಜಿಗೆ ಒಯ್ದರೆ ಫ್ಯಾನ್ ಗರಗರ ತಿರುಗುತ್ತದೆ. ನಮ್ಮ ಕೆಲಸದಲ್ಲೂ ಇಂಥ ಬಗ್ ಇರುತ್ತವೆ, ಟೆಸ್ಟರ್ ಮುಂದೆ ಸಾಧು, ಕಸ್ಟಮರ್ ಮುಂದೆ ರಾಕ್ಷಸ. ಬೆಂಗಳೂರಿನ ಒಂದು ದೊಡ್ಡ ಸರ್ವಿಸ್ ಸೆಂಟರ್ ಮೂರು ಸಲ ಬಿಲ್ ಮಾಡಿ "ಪ್ರಾಬ್ಲಂ ಏನೂ ಇಲ್ಲ ಸರ್" ಅಂದಿತು. ಕಂಡುಹಿಡಿದವರು ಸಕಲೇಶಪುರದ ಒಬ್ಬ ಮೆಕ್ಯಾನಿಕ್. ಎಸಿ ಹಾಕಿ ಎಂಜಿನ್ ಆನ್ ಮಾಡಿಟ್ಟು, ಪಕ್ಕದಲ್ಲೇ ಸ್ಟೂಲ್ ಹಾಕಿ ಕೂತರು. ಎರಡು ಚಹಾ ಮುಗಿಯುವ ಹೊತ್ತಿಗೆ ಫ್ಯಾನ್ ನಿಂತಿತು. ಸ್ಕ್ರೂಡ್ರೈವರಿನ ಹಿಡಿಯಿಂದ ರಿಲೇಗೆ ಮೆಲ್ಲಗೆ ಒಂದು ತಟ್ಟಿದರು, ಫ್ಯಾನ್ ಮತ್ತೆ ತಿರುಗಿತು. "ಬಿಸಿಯಾದ್ರೆ ಇದು ಕೈ ಕೊಡುತ್ತೆ, ಅಷ್ಟೇ." ರಿಲೇ ಬದಲಾಯಿತು, ಒಂದು ವರ್ಷ ಸುಖವಾಗಿದ್ದೆವು. ಆಮೇಲೆ ಥರ್ಮೋಸ್ಟಾಟ್ ಸರದಿ.

ಇದರಿಂದ ರಸ್ತೆಯ ಪರಿಚಯ ಚೆನ್ನಾಗಿ ಆಗಿದೆ ಅನ್ನಿ. ಮಂಜರಾಬಾದ್ ಕೋಟೆಯನ್ನು ನಾನು ನೋಡಿದ್ದೇ ಕಾರು ತಣ್ಣಗಾಗಲಿ ಅಂತ ಕಾಯುವಾಗ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಒಳಗೆ ನಿಂತರೆ ನಕ್ಷತ್ರ ಕಾಣುವುದಿಲ್ಲ, ಡ್ರೋನ್ ಫೋಟೋದಲ್ಲಿ ಮಾತ್ರ. ಆದರೆ ಗೋಡೆಯ ಮೇಲಿಂದ ಘಾಟಿಯ ಮಂಜು ಕಾಣುತ್ತದೆ, ಅದು ಸಾಕು. ಉಪ್ಪಿನಂಗಡಿಯಲ್ಲಿ ಬ್ಯಾಟರಿ ಸತ್ತ ಮಳೆಗಾಲದ ಮಧ್ಯಾಹ್ನ ಸಹಸ್ರಲಿಂಗೇಶ್ವರ ದೇವಸ್ಥಾನದ ಹತ್ತಿರ ನಿಂತು ನೇತ್ರಾವತಿ, ಕುಮಾರಧಾರಾ ಎರಡೂ ಕೆಂಪಾಗಿ ಸೇರುವುದನ್ನು ನೋಡಿದೆವು. ಕಾರು ಸರಿ ಇದ್ದಿದ್ದರೆ ಸೇತುವೆ ಮೇಲಿಂದ ಹತ್ತು ಸೆಕೆಂಡ್ ನೋಡುತ್ತಿದ್ದೆವೋ ಏನೋ.

ಆದರೆ ಕಳೆದ ಜುಲೈ ಬೇರೆ. ಅಮ್ಮನಿಗೆ ಬೆಂಗಳೂರಿನಲ್ಲಿ ಮೂರು ಗಂಟೆಗೆ ಚೆಕಪ್ ಇತ್ತು. ಬೆಳಗ್ಗೆ ಆರಕ್ಕೆ ಹೊರಟಿದ್ದೆವು. ಗುಂಡ್ಯದಿಂದ ಮೇಲೆ ನಾಲ್ಕು ತಿರುವು ಏರುವಷ್ಟರಲ್ಲಿ ಸೂಜಿ ಎದ್ದಿತು. ಎಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟೆ. ಎಂಜಿನ್ನಿನ ಬಿಸಿಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳುವ ಉಪಾಯ ಅದು. ಸಾಲಲಿಲ್ಲ. ಸ್ವಲ್ಪ ಅಗಲ ಇದ್ದ ಕಡೆ ನಿಲ್ಲಿಸಿದೆ. ಮಳೆ, ನೆಟ್‌ವರ್ಕ್ ಇಲ್ಲ, ಪಕ್ಕದಲ್ಲೇ ಉಜ್ಜಿಕೊಂಡು ಹೋಗುವ ಲಾರಿಗಳು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯುವಂತಿಲ್ಲ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಹಿಂದೆ ಬಂದ ಟ್ಯಾಂಕರ್ ಡ್ರೈವರ್ ಒಬ್ಬರು ನಿಲ್ಲಿಸಿ, ನಮ್ಮ ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಒಂದು ಕ್ಯಾನ್ ನೀರು ಇಟ್ಟು ಹೋದರು. ಅಮ್ಮ ಮುಕ್ಕಾಲು ಗಂಟೆ ಹೀಟರಿನ ಬೆವರಿನಲ್ಲಿ, ಕಿಟಕಿಯ ಇರುಚಲಿನಲ್ಲಿ ಕೂತಿದ್ದಳು. ಒಮ್ಮೆಯೂ ಗೊಣಗಲಿಲ್ಲ. ಗೊಣಗಿದ್ದರೇ ವಾಸಿಯಿತ್ತು.

ತಣ್ಣಗಾದ ಮೇಲೆ ನೀರು ತುಂಬಿ ಮೆಲ್ಲಗೆ ಸಕಲೇಶಪುರ ಸೇರಿದೆವು. ಚೆಕಪ್ ತಪ್ಪಿತು, ಮುಂದಿನ ಡೇಟ್ ಸಿಕ್ಕಿದ್ದು ಮೂರು ವಾರ ಬಿಟ್ಟು.

ಬರುವ ಮಾರ್ಚಿಗೆ ಕಾರಿನ ಆರ್‌ಸಿಗೆ 15 ವರ್ಷ ತುಂಬುತ್ತದೆ. ಫಿಟ್‌ನೆಸ್ ಪಾಸಾದರೆ ಇನ್ನೂ ಐದು ವರ್ಷ ಸಿಗುತ್ತದೆ. ಹೆಂಡತಿ ಹೊಸ ಕಾರಿನ ಇಎಂಐ ಲೆಕ್ಕ ಶೀಟಿನಲ್ಲಿ ಹಾಕಿಟ್ಟಿದ್ದಾಳೆ, ಲೆಕ್ಕದಲ್ಲಿ ತಪ್ಪೇನೂ ಇಲ್ಲ. ನನ್ನ ತೀರ್ಮಾನ ಹೀಗಿದೆ: ಕಾರು ಬೆಂಗಳೂರಿನಲ್ಲೇ ಇರಲಿ, ಆರ್‌ಸಿ ರಿನ್ಯೂ ಮಾಡಿಸುತ್ತೇನೆ. ತರಕಾರಿಗೆ, ಮಗಳ ಶಾಲೆಗೆ, ನಾವಿಬ್ಬರೇ ಊರಿಗೆ ಹೋಗುವಾಗ ಅದೇ ಸಾಕು. ಆಸ್ಪತ್ರೆಯ ಡೇಟ್ ಇದ್ದಾಗ ಮಾತ್ರ ಪುತ್ತೂರಿನಿಂದ ಬಾಡಿಗೆ ಕಾರು, ಅದೂ ಹಿಂದಿನ ದಿನವೇ.

ಫೋನಿನಲ್ಲಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಮಂಡಿಗೆ ಹೊಸತು ಹಾಕಿಸಿದ್ದೀಯಲ್ಲ, ಅದಕ್ಕೂ ಒಂದು ಹೊಸ ರೇಡಿಯೇಟರ್ ಹಾಕಿಸಿ ನೋಡು" ಅಂದಳು. ಬಾಡಿಗೆ ಕಾರಿನ ಸೀಟು ಎತ್ತರವಂತೆ.