ಕೈಗೆ ದಕ್ಕಿದ ಗಾಡಿ

ನಾಲೆ ಏರಿಯ ಮೇಲೆ ಗಾಡಿ ನಿಂತಿತು. 2024ರ ನವೆಂಬರ್ ತಿಂಗಳ ಸಂಜೆ. ಎರಡೂ ಬದಿಗೆ ತೆನೆ ಬಾಗುತ್ತಿದ್ದ ಭತ್ತದ ಗದ್ದೆ. ಸದ್ದಿಲ್ಲ, ಹೊಗೆಯಿಲ್ಲ, ಎಳೆದಾಟವಿಲ್ಲ. ಪರದೆ ಆರಿತು, ದೀಪ ಆರಿತು, ಸ್ಕೂಟರ್ ಹತ್ತು ಮಾರು ಉರುಳಿ ಸುಮ್ಮನಾಯಿತು. ಆರುವ ಮುನ್ನ ಕಂಡ ಅಂಕಿ ಇನ್ನೂ ಕಣ್ಣಲ್ಲಿದೆ: ಬ್ಯಾಟರಿ ನೂರಕ್ಕೆ 71. ಕೊಂಡು ನಾಲ್ಕು ತಿಂಗಳೂ ತುಂಬಿರಲಿಲ್ಲ.

ಪೆಟ್ರೋಲ್ ಗಾಡಿ ನಿಂತಿದ್ದರೆ ಕೈಗೆ ಒಂದಿಷ್ಟು ಕೆಲಸ ಇರುತ್ತಿತ್ತು. ಟ್ಯಾಂಕ್ ಅಲ್ಲಾಡಿಸಿ ನೋಡಬಹುದು, ಪ್ಲಗ್ ಬಿಚ್ಚಿ ಒರೆಸಬಹುದು, ಚೋಕ್ ಎಳೆದು ಕಿಕ್ ಹೊಡೆಯಬಹುದು. ಇಲ್ಲಿ ಮುಟ್ಟುವುದಕ್ಕೆ ಏನೂ ಇರಲಿಲ್ಲ. ಕತ್ತಲಾಗುತ್ತಿತ್ತು. ಹೊಸ ಅಗ್ರಹಾರದ ಕಡೆ ಹೊರಟಿದ್ದ ಟ್ರ್ಯಾಕ್ಟರಿನವರು ಇಳಿದು, ಒಂದು ಮಾತೂ ಕೇಳದೆ ಸ್ಕೂಟರನ್ನು ಎತ್ತಿ ಟ್ರೇಲರಿಗೆ ಹಾಕಿಕೊಂಡರು.

ಆ ಗಾಡಿಯನ್ನು ನಾನು ಆಸೆಪಟ್ಟು ಕೊಂಡಿದ್ದೆ. ನನ್ನ ಶಾಲೆಗೆ ಹೋಗಿ ಬರಲು ದಿನಕ್ಕೆ 38 ಕಿಲೋಮೀಟರ್. ಬಸ್ಸು ನಮ್ಮ ಹೊತ್ತಿಗೆ ಬರುವುದಿಲ್ಲ, ಪೆಟ್ರೋಲ್ ನೂರು ರೂಪಾಯಿ ದಾಟಿ ಕೂತಿತ್ತು. ಈ ಗಾಡಿಯಲ್ಲಿ ಮೂರು ಯೂನಿಟ್ ಕರೆಂಟಿಗೆ ಎರಡು ದಿನ ಹೋಗಿ ಬರುತ್ತಿದ್ದೆ. ಅಷ್ಟೇ ದಾರಿಗೆ ಹಳೆಯ ಸ್ಕೂಟರ್ ಒಂದೂಮುಕ್ಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತಿತ್ತು. ಬೆಳಿಗ್ಗೆ ಗದ್ದೆ ಬಯಲಿನಲ್ಲಿ ಸದ್ದಿಲ್ಲದೆ ಹೋಗುವಾಗ ಕೊಕ್ಕರೆಗಳು ಹೆದರಿ ಏಳುತ್ತಿರಲಿಲ್ಲ. ಅದು ನನಗೆ ದೊಡ್ಡ ಸಂತೋಷವಾಗಿತ್ತು.

ಮರುದಿನ ನಮ್ಮೂರಿನ ಮೆಕ್ಯಾನಿಕ್ ಬಂದು ನೋಡಿದರು. ಪಂಪ್‌ಸೆಟ್ ಮೋಟರು ಸುಟ್ಟರೆ ಕಾಯಿಲ್ ಕಟ್ಟುವವರು, ಬೈಕಿನ ಎಂಜಿನ್ ಬಿಚ್ಚಿ ಜೋಡಿಸುವವರು. ಗಾಡಿಯ ಸುತ್ತ ಎರಡು ಸಲ ತಿರುಗಿದರು. "ಮೇಡಮ್ಮೋರೆ, ಬಿಚ್ಚೋಕೆ ನಂಗೇನೂ ಭಯ ಇಲ್ಲ. ಸೀಲ್ ಒಡೆದ್ರೆ ನಿಮ್ಮ ವಾರಂಟಿ ಹೋಯ್ತದೆ. ಆ ಪಾಪ ನಂಗ್ಯಾಕೆ?" ಎಂದು ಕೈ ಒರೆಸಿಕೊಂಡರು. ಅವರ ಮುಖದಲ್ಲಿ ಕಂಡ ಸಂಕಟ ಗಾಡಿ ನಿಂತದ್ದಕ್ಕಿಂತ ಹೆಚ್ಚು ನನ್ನನ್ನು ಕಾಡಿತು. ಬಲ್ಲ ಕೈಯನ್ನು ಕಟ್ಟಿಹಾಕಿದ ಹಾಗಿತ್ತು.

ಗೂಡ್ಸ್ ಆಟೊಗೆ 1,800 ರೂಪಾಯಿ ಬಾಡಿಗೆ ಕೊಟ್ಟು ಮೈಸೂರಿನ ಸರ್ವಿಸ್ ಸೆಂಟರಿಗೆ ಸಾಗಿಸಿದೆ. ಎಂಟು ದಿನವಾದ ಮೇಲೆ ಕಾರಣ ತಿಳಿಯಿತು. ಇಂಥ ಹಲವು ಗಾಡಿಗಳಲ್ಲಿ ಓಡಿಸುವ ದೊಡ್ಡ ಬ್ಯಾಟರಿಯ ಜೊತೆಗೆ 12 ವೋಲ್ಟಿನ ಒಂದು ಚಿಕ್ಕ ಬ್ಯಾಟರಿಯೂ ಇರುತ್ತದೆ. ದೀಪ, ಹಾರ್ನ್, ಪರದೆ, ಒಳಗಿನ ಕಂಪ್ಯೂಟರ್ ಎಲ್ಲ ಅದರ ಮೇಲೆ ನಡೆಯುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಕರೆಂಟು ಇಳಿಸಿ ಕೊಡುವ ಕನ್ವರ್ಟರ್ ಕೆಟ್ಟಿತ್ತು. ಚಿಕ್ಕದು ಬರಿದಾದಾಗ ದೊಡ್ಡದರಲ್ಲಿ ನೂರಕ್ಕೆ 71 ಇದ್ದೂ ಗಾಡಿ ಏಳಲಿಲ್ಲ. ಕಣಜದ ತುಂಬ ಭತ್ತವಿದ್ದು ಬೀಗದ ಕೈ ಕಳೆದುಹೋದ ಮನೆಯಂತೆ.

ಎರಡನೆಯ ಪೆಟ್ಟು ಮರುವರ್ಷ ಜೂನ್ ಮಳೆಯಲ್ಲಿ ಬಿತ್ತು. ಪರದೆಯಲ್ಲಿ 40 ತೋರಿಸುತ್ತಿದ್ದ ಬ್ಯಾಟರಿ ಕಣ್ಣು ಮಿಟುಕಿಸುವುದರೊಳಗೆ ಸೊನ್ನೆಗೆ ಇಳಿಯಿತು. ಈ ಸಲ ಕೆಟ್ಟದ್ದು ಗಾಡಿಯ ಜೀವವೇ. ಲಿಥಿಯಂ ಬ್ಯಾಟರಿ ಎಂದರೆ ಒಂದೇ ಇಡಿ ವಸ್ತುವಲ್ಲವಂತೆ. ಸುಮಾರು 3.6 ವೋಲ್ಟಿನ ಪುಟ್ಟ ಸೆಲ್‌ಗಳನ್ನು ಗುಂಪು ಮಾಡಿ, ಅಂಥ 14 ಗುಂಪುಗಳನ್ನು ಒಂದರ ಹಿಂದೆ ಒಂದು ಕಟ್ಟಿದರೆ 50 ವೋಲ್ಟ್ ಆಗುತ್ತದೆ. ಹೀಗೆ ಸಾಲಾಗಿ ಕಟ್ಟಿದ ಮೇಲೆ ಒಂದು ಗುಂಪು ಸೋತರೂ ಉಳಿದವು ಮುಂದೆ ಹೋಗುವಂತಿಲ್ಲ. ಕಾವಲಿಗಿರುವ ಎಲೆಕ್ಟ್ರಾನಿಕ್ ಫಲಕ ಆ ಸೋತದ್ದನ್ನು ಉಳಿಸಲೆಂದು ಇಡೀ ಸಾಲನ್ನೇ ನಿಲ್ಲಿಸಿಬಿಡುತ್ತದೆ. ನೊಗಕ್ಕೆ ಕಟ್ಟಿದ ಜೋಡಿಯಲ್ಲಿ ಒಂದು ಎತ್ತು ಕುಂಟಿದರೆ ಇನ್ನೊಂದು ಎಷ್ಟು ಗಟ್ಟಿಯಾಗಿದ್ದರೂ ಉಳುಮೆ ನಿಲ್ಲುತ್ತದಲ್ಲ, ಹಾಗೆ.

ಹೊಸ ಬ್ಯಾಟರಿ ಬರಲು 41 ದಿನ ಹಿಡಿಯಿತು. ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟೆ, ಎರಡು ಬಸ್ಸು ಬದಲಿಸಿದೆ, ಮಳೆಯಲ್ಲಿ ಕಾದೆ. ಫೋನ್ ಮಾಡಿದಾಗಲೆಲ್ಲ ಬೇರೆ ದನಿ, ಅದೇ ಉತ್ತರ. ಕೊನೆಗೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ಮೊಕದ್ದಮೆ ಹೂಡಬಹುದು. ಕೊಂಡ ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ, ವಾರಂಟಿಯಲ್ಲೇ ಬ್ಯಾಟರಿ ಬಂತು. ಆದರೆ ಪ್ರತಿ ಸಲದ ಜಾಬ್ ಕಾರ್ಡ್, ಪರದೆಯ ಫೋಟೊ, ಮಾತಾಡಿದ ತಾರೀಕು ಬರೆದಿಟ್ಟಿದ್ದೇ ನನ್ನ ಕೈ ಹಿಡಿದದ್ದು. ಈ ಗಾಡಿ ಕೊಳ್ಳುವ ಎಲ್ಲರಿಗೂ ಆ ಒಂದು ನೋಟ್‌ಬುಕ್ ಇಡಿ ಎಂದು ಹೇಳುತ್ತೇನೆ.

ಆ ದಿನಗಳಲ್ಲಿ ಬಸ್ಸಿನ ಕಿಟಕಿಯ ಪಕ್ಕ ಕೂತು ಅಪ್ಪನನ್ನು ನೆನೆಯುತ್ತಿದ್ದೆ. ಚುಂಚನಕಟ್ಟೆಯ ಜನವರಿ ಜಾತ್ರೆಗೆ ಅವರು ನನ್ನನ್ನೂ ಕರೆದೊಯ್ಯುತ್ತಿದ್ದರು. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಿದ್ದರು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರುತ್ತಿತ್ತು. ಮನೆಗೆ ಬಂದ ಎತ್ತಿಗೆ ಹುಷಾರು ತಪ್ಪಿದರೆ ಊರಿನಲ್ಲೇ ಬಲ್ಲವರಿದ್ದರು. ಗಾಡಿಯ ಗಾಲಿ ಸಡಿಲವಾದರೆ ಕಮ್ಮಾರರು ಬೆರಣಿಯ ಬೆಂಕಿಯಲ್ಲಿ ಕಬ್ಬಿಣದ ಹಳಿ ಕೆಂಪಗೆ ಕಾಯಿಸಿ ಗಾಲಿಗೆ ತೊಡಿಸಿ ನೀರು ಹೊಯ್ಯುತ್ತಿದ್ದರು. ಆಮೇಲೆ ಪಂಪ್‌ಸೆಟ್ ಬಂತು, ಟಿಲ್ಲರ್ ಬಂತು, ಮೊಪೆಡ್ ಬಂತು. ಎಲ್ಲವೂ ನೆಂಟರಂತೆ ಬಂದವು. ನಮ್ಮವರ ಕೈ ಅವನ್ನು ಬಿಚ್ಚಿ, ಕೆಡಿಸಿ, ಮತ್ತೆ ಜೋಡಿಸಿ ಕಲಿತ ಮೇಲೆ ಮನೆಯವಾದವು.

ಹೊಸ ಗಾಡಿಗೆ ಸೀಲ್ ಹಾಕಿರುವುದಕ್ಕೆ ಕಾರಣ ಇಲ್ಲದಿಲ್ಲ. 2022ರಲ್ಲಿ ದೇಶದ ಹಲವು ಕಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದು ಜೀವಹಾನಿಯಾಯಿತು. ಆಮೇಲೆ ಕೇಂದ್ರ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮಗಳನ್ನು ಬಿಗಿ ಮಾಡಿತು. ತಿಳಿಯದ ಕೈ ಲಿಥಿಯಂ ಬ್ಯಾಟರಿ ಬಿಚ್ಚಕೂಡದು, ಸರಿ. ಆ ಕೈಗೆ ತಿಳಿಸಿಕೊಡುವ ಕೆಲಸವೂ ಅಷ್ಟೇ ಬೇಗ ಆಗಬೇಕಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗಾಗಿ ಜಾಲತಾಣ ತೆರೆಯಿತು. ವಾಹನಗಳೂ ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಆ ಹಕ್ಕು ಮೊಬೈಲಿನಿಂದ ಇಳಿದು ನಮ್ಮೂರಿನ ಮೆಕ್ಯಾನಿಕ್ ಅಂಗಡಿಯ ಬಾಗಿಲಿಗೆ ಬರಬೇಕು.

1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ಹುಟ್ಟಿಸಿ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದ ನಾಡು ನಮ್ಮದು. ಬೆಂಗಳೂರಿನ ರೇವಾ ಕಾರು 2001ರಲ್ಲೇ ರಸ್ತೆಗಿಳಿಯಿತು. ವಿದ್ಯುತ್ ವಾಹನಗಳಿಗೆಂದು 2017ರಲ್ಲಿ ದೇಶದಲ್ಲೇ ಮೊದಲು ನೀತಿ ಮಾಡಿದ ರಾಜ್ಯವೂ ಕರ್ನಾಟಕವೇ. ಇಷ್ಟು ದೂರ ಬಂದವರಿಗೆ ಹೋಬಳಿಗೊಬ್ಬ ತರಬೇತಾದ ಮೆಕ್ಯಾನಿಕ್ ಭಾರವಾಗಲಾರದು.

ಗಾಡಿ ಮರಳಿದ ದಿನ ಬ್ಯಾಟರಿ ಜೋಡಿಸಲು ಬಂದ ಹುಡುಗನ ಪಕ್ಕ ನಮ್ಮ ಮೆಕ್ಯಾನಿಕ್ ಬಂದು ಕೂತರು. "ಇದು ಯಾವ್ದಪ್ಪ? ಇಲ್ಲಿ ಮೀಟರ್ ಇಟ್ರೆ ಎಷ್ಟು ತೋರಿಸ್ಬೇಕು?" ಎಂದು ಒಂದೊಂದಾಗಿ ಕೇಳಿದರು. ಆ ಹುಡುಗ ಬೇಸರಪಡದೆ ಹೇಳಿಕೊಟ್ಟ. ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಲೇಬಾರದು ಎಂದು ಬೆರಳಿಟ್ಟು ತೋರಿಸಿದ. ನಾನು ಕಾಫಿ ಕೊಟ್ಟು ಪಕ್ಕದಲ್ಲಿ ನಿಂತು ಕೇಳಿದೆ.

ಈಚೆಗೆ, ಜಾತ್ರೆಯ ಹೊತ್ತಿಗೆ, ಬೆಳಿಗ್ಗೆ ಮತ್ತೆ ಪರದೆ ಕಪ್ಪಾಗಿತ್ತು. ಎದೆ ಧಸಕ್ಕೆಂದಿತು. ಫೋನ್ ಮಾಡಿದ ಕೂಡಲೇ ನಮ್ಮ ಮೆಕ್ಯಾನಿಕ್ ಮೀಟರ್ ಹಿಡಿದು ಬಂದರು. ಸೀಟು ಎತ್ತಿ, ಚಿಕ್ಕ ಬ್ಯಾಟರಿಯ ತುದಿಗಳಿಗೆ ಕಡ್ಡಿ ಮುಟ್ಟಿಸಿದರು. "ಬ್ಯಾಟ್ರಿ ಚೆನ್ನಾಗೈತೆ ಮೇಡಮ್ಮೋರೆ, ಕಿಲುಬು ಹಿಡಿದದೆ ಅಷ್ಟೆ" ಎಂದರು. ತುದಿಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಗ್ರೀಸ್ ಸವರಿ, ಬಿಗಿದರು. ಪರದೆ ಬೆಳಗಿತು. ಕಾಲು ಗಂಟೆಯೂ ಆಗಿರಲಿಲ್ಲ. ದುಡ್ಡು ಕೊಡಲು ಹೋದರೆ, "ಮೊದ್ಲು ಇಸ್ಕೂಲಿಗೆ ಹೊರಡಿ, ಹೊತ್ತಾಯ್ತದೆ" ಎಂದು ಅಟ್ಟಿದರು.

ಒಂದೂವರೆ ವರ್ಷದ ಹಿಂದೆ ಷೋರೂಮಿನಲ್ಲಿ ಬೀಗದ ಕೈ ತೆಗೆದುಕೊಂಡಿದ್ದೆ. ಗಾಡಿ ನನ್ನದಾದದ್ದು ಆ ಬೆಳಿಗ್ಗೆ.