ಪೇಟೆಗೆ ಹತ್ತಿರದ ರೂಮು

ಮೇಲ್ಸೇತುವೆಯ ಮೆಟ್ಟಿಲ ಬುಡದಲ್ಲಿ ಅಮ್ಮ ನಿಂತುಬಿಟ್ಟಳು. ಎರಡೂ ಕೈಯಲ್ಲಿ ಬಟ್ಟೆಯ ಚೀಲ, ಮಂಡಿಯಲ್ಲಿ ನೋವು, ಮುಂದೆ ಕಡಿದಾದ ಮೆಟ್ಟಿಲು. ಬ್ಯಾಂಕಾಕಿನ ಪ್ರತುನಾಮ್‌ನಲ್ಲಿ ಸಂಜೆ ಆರರ ಹೊತ್ತು. ನಾವಿಳಿದುಕೊಂಡಿದ್ದ ಹೋಟೆಲು ರಸ್ತೆಯಾಚೆ ಕಣ್ಣಿಗೆ ಕಾಣುತ್ತಿತ್ತು. ನಡುವೆ ಒಂದು ಗಳಿಗೆಯೂ ಬಿಡುವು ಕೊಡದ ವಾಹನಗಳು. “ಇಷ್ಟು ಹತ್ತಿರ ಇದೆ ಕಣೇ, ಹೋಗೋಕೇ ಆಗ್ತಿಲ್ಲವಲ್ಲ” ಅಂದಳು. ಅವಳ ಕೈಯ ಚೀಲ ಇಸಿದುಕೊಂಡೆ. ಒಂದೊಂದೇ ಮೆಟ್ಟಿಲು ಹತ್ತಿ, ಮೇಲೆ ಸುಧಾರಿಸಿಕೊಂಡು, ಇಳಿದು ರೂಮು ಸೇರುವಷ್ಟರಲ್ಲಿ ಅವಳ ಮುಖ ಬಾಡಿಹೋಗಿತ್ತು.

ಆ ಹೋಟೆಲನ್ನು ಆರಿಸಿದ್ದು ನಾನೇ, ಮೈಸೂರಿನ ಮನೆಯಲ್ಲಿ ಕೂತು, ಫೋಟೋ ನೋಡಿ. ಸ್ಟೇಷನ್ನಿನಿಂದ ಐದು ನಿಮಿಷ ಎಂದು ಬರೆದಿತ್ತು. ಆ ಐದು ನಿಮಿಷದಲ್ಲಿ ಎಷ್ಟು ಮೆಟ್ಟಿಲು ಎಂದು ಯಾರೂ ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಫೋಟೋದಲ್ಲಿದ್ದ ದೊಡ್ಡ ಕಿಟಕಿ ನಿಜವಾಗಿಯೂ ಇತ್ತು, ತೆರೆದರೆ ಪಕ್ಕದ ಕಟ್ಟಡದ ಗೋಡೆ. ತೋರಿಸಿದ್ದ ಬಾಡಿಗೆಯ ಮೇಲೆ ಶೇ. 10 ಸೇವಾ ಶುಲ್ಕ, ಶೇ. 7 ತೆರಿಗೆ ಸೇರಿತು. ಬಾಗಿಲಲ್ಲೇ 1000 ಬಾತ್ ಠೇವಣಿ ಕಟ್ಟಿಸಿಕೊಂಡರು. ಠೇವಣಿ ವಾಪಸು ಬರುತ್ತದೆ, ಅದು ಅಲ್ಲಿನ ರೂಢಿ. ಆದರೆ ಬಾಡಿಗೆ ಹೋಲಿಸುವಾಗ ಈ ಶುಲ್ಕ, ತೆರಿಗೆ ಸೇರಿದೆಯೋ ಇಲ್ಲವೋ ನೋಡಿಕೊಳ್ಳದಿದ್ದರೆ ಅಗ್ಗದ ಹೋಟೆಲು ಅಗ್ಗವಾಗಿ ಉಳಿಯುವುದಿಲ್ಲ.

ಪ್ರತುನಾಮ್‌ನದು ಏನೂ ತಪ್ಪಿಲ್ಲ. ಆ ಹೆಸರಿಗೆ ನೀರಿನ ಬಾಗಿಲು ಎಂದರ್ಥ. ಥಾಯ್ ದೊರೆ ಮೂರನೇ ರಾಮನ ಆಳ್ವಿಕೆಯಲ್ಲಿ, 1837ರಿಂದ 1840ರ ನಡುವೆ ತೋಡಿಸಿದ ಸೇನ್ ಸೇಪ್ ಕಾಲುವೆಯ ತೂಬು ಅಲ್ಲಿದೆ. ಕಾಲುವೆಯಲ್ಲಿ ಈಗಲೂ ಜನ ದೋಣಿ ಹತ್ತಿ ಕೆಲಸಕ್ಕೆ ಹೋಗುತ್ತಾರೆ. ಸಿದ್ಧ ಉಡುಪಿಗೆ ಅದು ಸಗಟು ಪೇಟೆ. ಒಂದಕ್ಕೆ ಒಂದು ದರ, ಮೂರು ತಗೊಂಡರೆ ಬೇರೆ ದರ. ವಿಮಾನ ನಿಲ್ದಾಣದ ರೈಲು ಹತ್ತಿದರೆ ರಾಚಪ್ರಾರೋಪ್ ಸ್ಟೇಷನ್ನಿನಲ್ಲಿ ಇಳಿದು ನಡೆದೇ ಬರಬಹುದು. ಗಟ್ಟಿ ಕಾಲಿನವರಿಗೆ, ಸೂಟ್‌ಕೇಸು ತುಂಬ ಬಟ್ಟೆ ಒಯ್ಯುವವರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಮಗಲ್ಲ, ಅಷ್ಟೆ.

ಆ ರಾತ್ರಿ ಅಮ್ಮನ ಕಾಲಿಗೆ ಮುಲಾಮು ಹಚ್ಚುತ್ತಾ ಅವಳಿಗೆ ಏನೇನು ಬೇಕೆಂದು ಕೇಳಿದೆ. ಮೊಮ್ಮಗಳ ನಾಮಕರಣಕ್ಕೆ ತಾಂಬೂಲ ಕೊಡಲು ಅರವತ್ತು ಪುಟ್ಟ ಚೀಲ. ಎಲ್ಲರೂ ಹೇಳುವ ಶನಿವಾರದ ದೊಡ್ಡ ಸಂತೆ. ಎಲ್ಲಕ್ಕಿಂತ ಹೆಚ್ಚಾಗಿ ಹೂವಿನ ಪೇಟೆ. ಮ್ಯಾಪು ತೆಗೆದು ನೋಡಿದರೆ ಇವೆಲ್ಲವೂ ನೆಲದಡಿಯ ಮೆಟ್ರೋದ ನೀಲಿ ಮಾರ್ಗದ ಆಜುಬಾಜಿನಲ್ಲೇ ಇದ್ದವು. ನಾವು ಮಾತ್ರ ಬೇರೆಲ್ಲೋ ಇದ್ದೆವು.

ಮರುದಿನ ಬೆಳಗ್ಗೆ ಅಮ್ಮನನ್ನು ಮಲಗಲು ಬಿಟ್ಟು ನಾನೊಬ್ಬಳೇ ಸಾಮ್ ಯೋತ್ ಸ್ಟೇಷನ್ನಿಗೆ ಹೋದೆ. ಹಳೆಯ ಅಂಗಡಿಮನೆಗಳ ಹಾಗೆ ಕಟ್ಟಿದ ಸ್ಟೇಷನ್ ಅದು. ಒಳಗೆ ಲಿಫ್ಟ್ ಇದೆ. ಸುತ್ತಲಿನ ನಾಲ್ಕು ಹೋಟೆಲು ನೋಡಿದೆ. ಪ್ರತಿ ಸಲವೂ ಸ್ಟೇಷನ್ನಿನಿಂದ ಅಮ್ಮನ ನಡಿಗೆಯಲ್ಲಿ, ನೀರಿನ ಬಾಟಲಿ ತುಂಬಿದ ಚೀಲ ಹಿಡಿದು ನಡೆದೆ. ನಾಲ್ಕನೆಯದು ಹಳೆಯ ಕಟ್ಟಡ, ರೂಮು ಚಿಕ್ಕದು, ಗೋಡೆಯ ಬಣ್ಣ ಮಾಸಿತ್ತು. ಆದರೆ ಒಂದೇ ಒಂದು ಮೆಟ್ಟಿಲಿರಲಿಲ್ಲ. ಲಿಫ್ಟಿತ್ತು, ರೂಮಿನಲ್ಲಿ ಫ್ರಿಜ್ ಇತ್ತು, ಕಿಟಕಿಯಿಂದ ಬೀದಿ ಕಾಣುತ್ತಿತ್ತು. ಬಾಗಿಲಲ್ಲಿ ದುರಿಯನ್ ಹಣ್ಣು ಒಳಗೆ ತರಬಾರದೆಂಬ ಚಿತ್ರ. ಮೊದಲ ಹೋಟೆಲಿಗೆ ಕಟ್ಟಿದ್ದ ಉಳಿದ ದಿನಗಳ ಬಾಡಿಗೆ ಹೋಯಿತು. ಹೋಗಲಿ ಅನ್ನಿಸಿತು.

ಆ ರೂಮಿಗೆ ಬಂದ ಮೇಲೆ ನಮ್ಮ ಪ್ರವಾಸದ ಗತಿಯೇ ಬದಲಾಯಿತು. ಬೆಳಗ್ಗೆ ಹೋಗಿ ಎರಡು ಚೀಲ ತಂದಿಡುವುದು, ಊಟ ಮಾಡಿ ಮಲಗುವುದು, ಬಿಸಿಲಿಳಿದ ಮೇಲೆ ಮತ್ತೆ ಹೊರಡುವುದು. ಪೇಟೆ ನೋಡಬೇಕಾದ ರೀತಿ ಇದೇ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದೆ. ದಿನವಿಡೀ ಹೊರೆ ಹೊತ್ತು ಸುತ್ತುವವರಿಗೆ ಕೊನೆಗೆ ಅಂಗಡಿಯೂ ಕಾಣುವುದಿಲ್ಲ, ಅಂಗಡಿಯವರ ಮುಖವೂ ಕಾಣುವುದಿಲ್ಲ.

ಊಟಕ್ಕೆ ಪಕ್ಕದಲ್ಲೇ ಪಾಹುರತ್. ಎಂಟರ ವಯಸ್ಸಿನಲ್ಲಿ ತೀರಿಕೊಂಡ ಮಗಳು ಬಾಹುರದ ಮಣಿಮಯಳ ನೆನಪಿಗೆ ಐದನೇ ರಾಮ ಮಾಡಿಸಿದ ರಸ್ತೆ. ಈಗ ಅದು ಸಿಖ್ ಬಟ್ಟೆ ವ್ಯಾಪಾರಿಗಳ ಕೇರಿ. ಚಿನ್ನದ ಬಣ್ಣದ ಗುಮ್ಮಟದ ಗುರುದ್ವಾರ ಇದೆ, ರೊಟ್ಟಿ ಬೇಳೆ ಸಿಗುವ ಸಣ್ಣ ಸಣ್ಣ ಹೋಟೆಲುಗಳಿವೆ. ಚೀನೀಯರ ಯಾವರಾತ್ ಕಡೆ ಹೋದರೆ ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿ ಹುಡುಕಬೇಕು. ಅಲ್ಲಿ ಮಾಂಸ, ಮೀನು, ಮೊಟ್ಟೆ ಇರಲಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ಏಕಾದಶಿಯ ದಿನ ಅಮ್ಮ ಅಲ್ಲಿಯೇ ಹಣ್ಣಿನ ರಸ ಕುಡಿದಳು.

ತಾಂಬೂಲದ ಚೀಲಕ್ಕೆ ಸಾಂಪೆಂಗ್ ಓಣಿ. 1782ರಲ್ಲಿ ಅರಮನೆ ಕಟ್ಟಲು ಜಾಗ ಬೇಕಾದಾಗ ಅಲ್ಲಿದ್ದ ಚೀನೀ ವರ್ತಕರನ್ನು ಈ ಕಡೆಗೆ ಕಳಿಸಿದರು. ಅಂದಿನಿಂದ ಬೆಳೆದ ಪೇಟೆ ಇದು. ಕೈ ಚಾಚಿದರೆ ಎರಡೂ ಬದಿಯ ಅಂಗಡಿ ಮುಟ್ಟುತ್ತದೇನೋ ಅನ್ನಿಸುವಷ್ಟು ಇಕ್ಕಟ್ಟು, ಅದರ ನಡುವೆಯೇ ಸಾಮಾನಿನ ತಳ್ಳುಗಾಡಿಗಳು ಬರುತ್ತವೆ. ಜರಿ ಅಂಚಿನ ಪುಟ್ಟ ಚೀಲ ಬಿಡಿಯಾಗಿ 20 ಬಾತ್, ಡಜನ್ನಿಗೆ 150. ಅಂಗಡಿಯಾಕೆ ಕ್ಯಾಲ್ಕುಲೇಟರಿನಲ್ಲಿ ಐದು ಡಜನ್ನಿಗೆ 750 ಎಂದು ಒತ್ತಿ ತೋರಿಸಿದಳು. ಅಮ್ಮ ಅದನ್ನು ತನ್ನತ್ತ ತಿರುಗಿಸಿಕೊಂಡು 600 ಒತ್ತಿದಳು. ನಾನು ಕಲಿತಿದ್ದ ‘ಲೋತ್ ದಾಯ್ ಮಯ್’, ಕಡಿಮೆ ಮಾಡ್ತೀರಾ ಎಂಬ ಮಾತನ್ನು ಆಡಬೇಕಾಗಿಯೇ ಬರಲಿಲ್ಲ. 650ಕ್ಕೆ ಮುಗಿಯಿತು. ಆಮೇಲೆ ಅಮ್ಮ ಅರವತ್ತು ಚೀಲದ ದಾರವನ್ನೂ ಒಂದೊಂದಾಗಿ ಎಳೆದು ನೋಡಿದಳು. ದಾರ ಬಿಟ್ಟಿದ್ದ ಮೂರನ್ನು ಆಕೆ ತಾನಾಗಿಯೇ ಬದಲಿಸಿ ಕೊಟ್ಟಳು.

ಶನಿವಾರ ಚತುಚಾಕ್. ಮೊದಲು ಅರಮನೆಯ ಮುಂದಿನ ಮೈದಾನದಲ್ಲಿ ಸೇರುತ್ತಿದ್ದ ಸಂತೆ 1982ರಲ್ಲಿ ಇಲ್ಲಿಗೆ ಬಂತು. 27 ವಿಭಾಗ, 15,000ಕ್ಕೂ ಹೆಚ್ಚು ಮಳಿಗೆ. ಸಾಮ್ ಯೋತ್‌ನಲ್ಲಿ ಕೂತರೆ ರೈಲು ಬದಲಿಸದೆ ಕಾಂಪೇಂಗ್ ಪೆತ್‌ನಲ್ಲಿ ಇಳಿಯಬಹುದು, ಹೊರಗೆ ಬಂದರೆ ಸಂತೆಯೇ. ಅಷ್ಟು ದೊಡ್ಡ ಜಾಗವನ್ನು ಪೂರ್ತಿ ನೋಡುತ್ತೇನೆಂದು ಹೊರಡಬಾರದು. ಬೆಳಗ್ಗೆ ಒಂಬತ್ತಕ್ಕೆ ಹೋಗಿ, ಎರಡೇ ಸಾಲು ನೋಡಿ, ಹಿಡಿಸಿದ್ದನ್ನು ಅಲ್ಲೇ ಕೊಂಡು, ತಗಡಿನ ಚಾವಣಿ ಕಾಯುವ ಮೊದಲೇ ಹೊರಬಂದೆವು. ಆಮೇಲೆ ಬರೋಣ ಎಂದು ಬಿಟ್ಟ ಮಳಿಗೆ ಮತ್ತೆ ಸಿಗುವುದು ಕಷ್ಟ. ಪಕ್ಕದ ಒರ್ ತೊರ್ ಕೊರ್ ಹಣ್ಣಿನ ಮಾರುಕಟ್ಟೆಯಲ್ಲಿ ಎರಡು ಕಿಲೋ ಮ್ಯಾಂಗೊಸ್ಟೀನ್ ತಗೊಂಡು ವಾಪಸಾದೆವು.

ಹೂವಿನ ಪೇಟೆಗೆ ಹೋಗಿದ್ದು ರಾತ್ರಿ ಹನ್ನೊಂದಕ್ಕೆ. ಪಾಕ್ ಕ್ಲೋಂಗ್ ತಲಾತ್ ಮುಚ್ಚುವುದೇ ಇಲ್ಲ. ಕಳೆ ಕಟ್ಟುವುದು ಊರು ಮಲಗಿದ ಮೇಲೆ. ದೂರದ ಹೋಟೆಲಿನಲ್ಲಿದ್ದರೆ ಆ ಹೊತ್ತಿನಲ್ಲಿ ಅಮ್ಮನನ್ನು ಎಬ್ಬಿಸುವ ಧೈರ್ಯ ನನಗಿರುತ್ತಿರಲಿಲ್ಲ. ನಿಧಾನ ನಡೆದು ಹದಿನೈದು ನಿಮಿಷ. ಮೂಲೆ ತಿರುಗುವ ಮೊದಲೇ ವಾಸನೆ ಬಂತು. ಚೆಂಡುಹೂ ತುಂಬಿದ ಪ್ಲಾಸ್ಟಿಕ್ ಚೀಲಗಳು, ಮೊಗ್ಗು ತಾವರೆಯ ಕಂತೆಗಳು, ಐಸಿನ ಜೊತೆ ಇಟ್ಟ ಮಲ್ಲಿಗೆ ಮೊಗ್ಗು. ಅಮ್ಮ ಕೈತುಂಬ ಮೊಗ್ಗು ತೆಗೆದುಕೊಂಡು “ಇದಕ್ಕೆ ಇವರೇನಂತಾರೆ?” ಅಂದಳು. ಕೇಳಿದೆ. ‘ಮಲಿ’ ಅಂದರು. ಹಾರಕ್ಕೆ ‘ಮಾಲೈ’. ಅಮ್ಮನಿಗೆ ಮತ್ತೆ ನನ್ನ ಸಹಾಯ ಬೇಕಾಗಲಿಲ್ಲ.

ಅಮ್ಮನ ವಯಸ್ಸಿನವಳೇ ಒಬ್ಬಳು ತಗ್ಗು ಮಣೆಯ ಮೇಲೆ ಕೂತು ಹಾರ ಮಾಡುತ್ತಿದ್ದಳು. ಒಂದಡಿ ಉದ್ದದ ಸೂಜಿ. ಅದಕ್ಕೆ ಮೊದಲು ವ್ಯಾಸಲೀನ್ ಸವರುತ್ತಾಳೆ, ಹೂ ಜಾರಲಿ ಎಂದು. ಮೊಗ್ಗಿನ ಬುಡಕ್ಕೆ ಚುಚ್ಚಿ, ತುದಿ ಹೊರಗೆ ಬರುವ ಹಾಗೆ ಸುತ್ತ ಜೋಡಿಸಿ, ಬೆರಳಿನಿಂದ ಕೆಳಗೆ ಒತ್ತುತ್ತಾಳೆ. ಮುಂದಿನ ಸುತ್ತು ಹಿಂದಿನದರ ಸಂದಿನಲ್ಲಿ ಕೂರುತ್ತದೆ. ನಡುನಡುವೆ ಇನ್ನೊಂದು ಬಿಳಿ ಹೂ. ಅಮ್ಮ ಬಗ್ಗಿ ನೋಡಿ ನನ್ನ ತೋಳು ಹಿಡಿದಳು: “ಎಕ್ಕ ಕಣೇ ಇದು! ಆಂಜನೇಯನಿಗೆ ಹಾಕೋ ಎಕ್ಕ.” ಅಲ್ಲಿ ಅದರ ಹೆಸರು ‘ರಕ್’. ಪ್ರೀತಿಗೂ ಅವರು ಅದೇ ಪದ ಬಳಸುತ್ತಾರೆ; ಅದಕ್ಕೇ ಮದುವೆಯ ಹಾರದಲ್ಲೂ ಎಕ್ಕ ಇರುತ್ತದೆ.

ಅಮ್ಮ ಒಂದು ತುಂಡು ದಾರ ಕೇಳಿ ಪಡೆದು, ಅಲ್ಲೇ ಕುಕ್ಕರಗಾಲಲ್ಲಿ ಕೂರಲಾಗದೆ ಅವರ ಖಾಲಿ ಬುಟ್ಟಿಯ ಮೇಲೆ ಕೂತಳು. ಸೂಜಿಯಿಲ್ಲದೆ, ಎರಡು ಮೊಗ್ಗು ಅತ್ತ, ಎರಡು ಇತ್ತ, ದಾರವನ್ನು ಬೆರಳಿಗೆ ಸುತ್ತಿ ಬಿಗಿದು, ಗೇಣುದ್ದ ಕಟ್ಟಿದಳು. ಆಕೆ ಸೂಜಿ ಕೆಳಗಿಟ್ಟು ನೋಡಿದಳು. ಗಂಟು ಎಲ್ಲಿದೆ ಎಂದು ಹೊರಳಿಸಿ ಹುಡುಕಿದಳು. ಅಮ್ಮ ಬಿಚ್ಚಿ, ನಿಧಾನವಾಗಿ ಮತ್ತೆ ಕಟ್ಟಿ ತೋರಿಸಿದಳು. ಇಬ್ಬರ ನಡುವೆ ಒಂದೂ ಮಾತಿಲ್ಲ.

ಹೊರಡುವಾಗ ಆಕೆ ತನ್ನ ಹಾರವೊಂದನ್ನು ಎತ್ತಿ ನನ್ನ ಕೈಗಿಟ್ಟು ಅಮ್ಮನ ಕಡೆ ಬೆರಳು ತೋರಿಸಿದಳು. ದುಡ್ಡು ಬೇಡವೆಂದು ಕೈಯಾಡಿಸಿದಳು. ಥಾಯ್ ಜನ ಆಗಸ್ಟ್ 12ರಂದು ತಾಯಂದಿರ ದಿನ ಆಚರಿಸುತ್ತಾರೆ; ಮಕ್ಕಳು ತಾಯಿಯ ಮುಂದೆ ಕೂತು ಕೊಡುವುದು ಮಲ್ಲಿಗೆ ಹಾರವನ್ನೇ. ನಾವು ಹೋಗಿದ್ದು ಜನವರಿಯಲ್ಲಿ. ಅಲ್ಲೇ ಬೀದಿಯಲ್ಲಿ, ಬುಟ್ಟಿಯ ಮೇಲೆ ಕೂತಿದ್ದ ಅಮ್ಮನ ಮುಂದೆ ಬಗ್ಗಿ ಎರಡೂ ಕೈಯಲ್ಲಿ ಕೊಟ್ಟೆ. ಅಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

ರೂಮಿಗೆ ಬಂದಾಗ ಒಂದು ಗಂಟೆ ದಾಟಿತ್ತು. ಅಮ್ಮ ಫ್ರಿಜ್ ತೆರೆದು, ಮ್ಯಾಂಗೊಸ್ಟೀನ್ ಹಣ್ಣುಗಳನ್ನು ಒಂದು ಪಕ್ಕಕ್ಕೆ ಸರಿಸಿ, ಹಾರವನ್ನು ಬಾಳೆಲೆಯ ತುಂಡಿನ ಮೇಲೆ ಮಲಗಿಸಿದಳು. “ನಾಳೆ ರಾತ್ರಿನೂ ಹೋಗೋಣ ಕಣೇ, ಅವಳ ಸೂಜಿ ಕೆಲಸ ನಂಗೆ ಪೂರ್ತಿ ಬರಲಿಲ್ಲ. ಹತ್ತಿರಾನೇ ಅಲ್ವಾ” ಅಂದು ದೀಪ ಆರಿಸಿದಳು.