ಬಾಚಣಿಗೆಯ ಗೆರೆಗಳು

ದೋಷವೆಲ್ಲಿದೆ ಎಂದು ಹುಡುಕುವ ಮೊದಲು ಅದು ಯಾವಾಗ ಕಾಣುತ್ತದೆ ಎಂದು ನೋಡಬೇಕು. ಮುಂಬಯಿಯ ನಮ್ಮ ಬಳಗದ ಹಳೆಯ ಯಕ್ಷಗಾನದ ಟೇಪನ್ನು ಗಣಕಕ್ಕಿಳಿಸಿ ರೆಂಡರ್ ಮಾಡಿದಾಗ, ಈಗ ನಮ್ಮೊಡನಿಲ್ಲದ ಕಲಾವಿದರು ದಿಗಿಣ ಹಾಕಿದಲ್ಲೆಲ್ಲ ವೇಷದ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡಿತು. ಟೇಪು ಸವೆದಿದೆಯೆಂದರು ಕೆಲವರು. ಆದರೆ ನಿಂತ ಭಂಗಿಗಳೆಲ್ಲ ಸ್ವಚ್ಛವಾಗಿದ್ದವು.

ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚೌಕಟ್ಟುಗಳು. ಪ್ರತಿಯೊಂದರ ಬೆಸ ಗೆರೆಗಳಿಗೂ ಸಮ ಗೆರೆಗಳಿಗೂ ಸೆಕೆಂಡಿನ 1/50 ಭಾಗದ ಅಂತರ. ಗಣಕದ ಪರದೆ ಎರಡನ್ನೂ ಒಟ್ಟಿಗೇ ತೋರಿದಾಗ ಚಲನೆ ಸೀಳುತ್ತದೆ. ಒಂದು ಪಾಲನ್ನು ಕಿತ್ತೆಸೆದರೆ ಗೆರೆಗಳು ಮಾಯ. ಅರ್ಧ ಚಲನೆಯೂ ಮಾಯ. ಎರಡನ್ನೂ ಬಿಡಿಸಿ 50 ಚೌಕಟ್ಟುಗಳಾಗಿಸಿದೆ. ಕಡತ ಹಿಗ್ಗಿತು, ಇನ್ನೊಮ್ಮೆ ಕುಣಿಯಲಾರದವರ ಒಂದು ಹೆಜ್ಜೆಯೂ ಕಳೆಯಲಿಲ್ಲ.